ಗುರಿ ತೋರಿಸುವ ಗಾಜು, ಗುರಿ ತಪ್ಪಿದ ವಾದ

ಗಾಜು ಪ್ರಾಣಿಯನ್ನು ಕೊಲ್ಲುವುದಿಲ್ಲ, ಕೊಲ್ಲುವುದು ಬಾಣ. ಆದ್ದರಿಂದ ಕಾನೂನು ಬಾಣವನ್ನು ನೋಡಿಕೊಳ್ಳಲಿ, ಗಾಜಿನ ತಂಟೆಗೆ ಬರುವುದು ಬೇಡ. ಅಮೆರಿಕದಲ್ಲಿ ಅಡ್ಡಬಿಲ್ಲಿನ ಮೇಲೆ ಕೂರಿಸುವ ಸ್ಕೋಪುಗಳನ್ನು ಮಾರುವವರೂ ಕೊಳ್ಳುವವರೂ ಮುಂದಿಡುವ ವಾದದ ತಿರುಳು ಇಷ್ಟೇ. ಕೇಳುವುದಕ್ಕೆ ಸರಳವಾಗಿದೆ. ಕಣ್ಣು ಮಂಜಾದವನು ಕನ್ನಡಕ ಹಾಕಿಕೊಂಡರೆ ಯಾರಾದರೂ ತಡೆಯುತ್ತಾರೆಯೇ ಎಂದು ಅವರು ಕೇಳುತ್ತಾರೆ. ಗುರಿ ಸರಿಯಾದಷ್ಟೂ ಪ್ರಾಣಿ ನರಳದೆ ಸಾಯುತ್ತದೆ, ಆದಕಾರಣ ಸ್ಕೋಪನ್ನು ನಿರ್ಬಂಧಿಸುವುದೇ ಕ್ರೌರ್ಯ ಎಂಬಲ್ಲಿಗೆ ಆ ವಾದ ಬಂದು ನಿಲ್ಲುತ್ತದೆ.

ಇದು ಕಡಲಾಚೆಯ ಶೋಕಿಯವರ ಜಗಳವೆಂದು ಮಲೆನಾಡಿನವರು ಸುಮ್ಮನಿರುವಂತಿಲ್ಲ. ಬೆಳೆಗೆ ನುಗ್ಗುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಬೇಕೆಂಬ ಕೂಗು ಘಟ್ಟದ ಎರಡೂ ಮಗ್ಗುಲಲ್ಲಿ ಕೇಳಿಬರುತ್ತಿದೆ. ಕೇರಳವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಅಂಥ ಆದೇಶ ಹೊರಡಿಸುವ ಅಧಿಕಾರ ಕೊಟ್ಟಿತು. ಕೊಲ್ಲಬೇಕೋ ಬೇಡವೋ ಎಂಬ ಗದ್ದಲದಲ್ಲಿ ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ ಮುಚ್ಚಿಹೋಗಿದೆ. ಕೊಲ್ಲುವುದಾದರೆ ಯಾವುದರಿಂದ, ಯಾವ ಹೊತ್ತಿನಲ್ಲಿ, ಯಾವ ಬೆಳಕಿನಲ್ಲಿ? ಬೇಟೆಯನ್ನು ಕಾನೂನಿನೊಳಗೆ ಒಪ್ಪಿಕೊಂಡಿರುವ ದೇಶಗಳು ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳಿಕೊಳ್ಳುತ್ತ ಬಂದಿವೆ. ಅವುಗಳ ಉತ್ತರದಲ್ಲಿ ಮಲೆನಾಡಿಗೆ ಕಲಿಯುವುದಿದೆ.

ಅಡ್ಡಬಿಲ್ಲು ಹೊಸ ಆಯುಧವಲ್ಲ. ಕೋವಿಯ ಹಿಡಿಯಂಥ ಮರದ ತುಂಡಿನ ಮೇಲೆ ಬಿಲ್ಲನ್ನು ಅಡ್ಡಲಾಗಿ ಕೂರಿಸಿ, ಹೆದೆಯನ್ನು ಹಿಂದಕ್ಕೆಳೆದು ಕೊಂಡಿಗೆ ಸಿಕ್ಕಿಸಿ, ಮೋಟುಬಾಣ ಇಟ್ಟು, ಟ್ರಿಗರ್ ಒತ್ತಿದಾಗ ಬಿಡುಗಡೆಯಾಗುವ ಯಂತ್ರ ಅದು. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇತ್ತು. ಯುರೋಪಿನಲ್ಲಿ ಇದರ ಭಯ ಎಷ್ಟಿತ್ತೆಂದರೆ 1139ರಲ್ಲಿ ರೋಮಿನಲ್ಲಿ ಸೇರಿದ ಧರ್ಮಸಭೆ, ಕ್ರೈಸ್ತರ ಮೇಲೆ ಬಿಲ್ಲನ್ನೂ ಅಡ್ಡಬಿಲ್ಲನ್ನೂ ಪ್ರಯೋಗಿಸಕೂಡದೆಂದು ಕಟ್ಟಳೆ ಮಾಡಿತು. ಉಳಿದವರ ಮೇಲೆ ಪ್ರಯೋಗಿಸಬಹುದೇ ಎಂಬುದನ್ನು ಧರ್ಮಸಭೆ ಹೇಳದೆ ಬಿಟ್ಟಿತು. ಆಯುಧದ ಕಟ್ಟಳೆಗಳಲ್ಲಿ ಇಂಥ ಜಾಣಮರೆವು ಆಗಲೇ ಇತ್ತೆನ್ನಬೇಕು.

ಕೈಬಿಲ್ಲಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ತೋಳಿನದು. ಕೈಬಿಲ್ಲನ್ನು ಎಳೆದು ಹಿಡಿದವನ ತೋಳು ಸ್ವಲ್ಪ ಹೊತ್ತಿಗೆ ನಡುಗತೊಡಗುತ್ತದೆ. ಅವನು ಬಿಡಲೇಬೇಕು ಇಲ್ಲವೇ ಇಳಿಸಲೇಬೇಕು. ಆ ಎಳೆತದ ಚಲನೆಯೇ ಎಷ್ಟೋ ಸಲ ಜಿಂಕೆಗೆ ಕಂಡುಬಿಡುತ್ತದೆ. ಅಡ್ಡಬಿಲ್ಲಿನವನಿಗೆ ಈ ಕಷ್ಟವಿಲ್ಲ. ಹೆದೆಯನ್ನು ಮೊದಲೇ ಎಳೆದಿಟ್ಟುಕೊಂಡು ಅವನು ಗಂಟೆಗಟ್ಟಲೆ ಮರಸು ಕೂರಬಲ್ಲ. ಅವನಿಗೆ ಉಳಿದಿರುವ ಕಷ್ಟ ಒಂದೇ, ದೂರವನ್ನು ಅಂದಾಜು ಮಾಡುವುದು. ಹೊಸ ಸ್ಕೋಪುಗಳು ತೆಗೆದುಹಾಕಲು ಹೊರಟಿರುವುದು ಆ ಕೊನೆಯ ಕಷ್ಟವನ್ನೇ.

ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲ ವಿದ್ಯಾರ್ಥಿಗಳು ಮುಂದಿನ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಇಂದಿನ ಒಂದು ಒಳ್ಳೆಯ ಅಡ್ಡಬಿಲ್ಲಿನಿಂದ ಬಾಣ ಸೆಕೆಂಡಿಗೆ ಸುಮಾರು 120 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಡೋಣ. 20 ಮೀಟರ್ ದೂರ ಕ್ರಮಿಸಲು ಸೆಕೆಂಡಿನ ಆರನೆಯ ಒಂದು ಭಾಗ ಸಾಕು. ಅಷ್ಟರಲ್ಲಿ ಗುರುತ್ವಾಕರ್ಷಣೆ ಬಾಣವನ್ನು 14 ಸೆಂಟಿಮೀಟರ್ ಕೆಳಗೆಳೆಯುತ್ತದೆ. 40 ಮೀಟರಿಗೆ ಮೂರನೆಯ ಒಂದು ಸೆಕೆಂಡು, ಇಳಿತ 54 ಸೆಂಟಿಮೀಟರ್. 60 ಮೀಟರಿಗೆ ಅರ್ಧ ಸೆಕೆಂಡು, ಇಳಿತ 120 ಸೆಂಟಿಮೀಟರಿಗೂ ಹೆಚ್ಚು. ದೂರ ಮೂರು ಪಟ್ಟಾದರೆ ಇಳಿತ ಒಂಬತ್ತು ಪಟ್ಟು. 60 ಮೀಟರಿನಲ್ಲಿರುವ ಪ್ರಾಣಿಯನ್ನು 55 ಮೀಟರಿನಲ್ಲಿದೆ ಎಂದು ತಪ್ಪು ತಿಳಿದವನ ಬಾಣ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಎದೆಗೆ ಇಟ್ಟ ಗುರಿ ಮುಂಗಾಲನ್ನು ಒಡೆಯಲು ಅಷ್ಟು ಸಾಕು. ಐದು ಮೀಟರ್ ಎಂದರೆ ಒಂದು ದನದ ಕೊಟ್ಟಿಗೆಯ ಅಗಲ. ಹಳುವಿನ ನಡುವೆ, ಮುಸ್ಸಂಜೆಯಲ್ಲಿ, ಅಷ್ಟು ತಪ್ಪದೆ ದೂರ ಹೇಳಬಲ್ಲವರು ಅನುಭವಿಗಳಲ್ಲೂ ವಿರಳ.

ಆದ್ದರಿಂದಲೇ ಹಳೆಯ ಬಿಲ್ಲುಬೇಟೆಗಾರ ಹತ್ತಿರ ಹೋಗುತ್ತಿದ್ದ. ಇಪ್ಪತ್ತು, ಮೂವತ್ತು ಮೀಟರಿನೊಳಗೆ ಬರುವವರೆಗೆ ಕಾಯುತ್ತಿದ್ದ, ಬರದಿದ್ದರೆ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ. ಹೀಗೆ ಬರಿಗೈಯಲ್ಲಿ ಹಿಂದಿರುಗಿದ ದಿನಗಳೇ ಅಲ್ಲಿಯ ಜಿಂಕೆಗಳನ್ನು ಉಳಿಸಿದವು.

ಸ್ಕೋಪು ಈ ಲೆಕ್ಕವನ್ನು ಬದಲಾಯಿಸುತ್ತದೆ. ಸಾಮಾನ್ಯ ಅಡ್ಡಬಿಲ್ಲಿನ ಸ್ಕೋಪಿನಲ್ಲಿ ಒಂದರ ಕೆಳಗೊಂದು ಗೆರೆಗಳಿರುತ್ತವೆ, ಒಂದೊಂದು ಗೆರೆ ಒಂದೊಂದು ದೂರಕ್ಕೆ. ಆದರೂ ದೂರ ಎಷ್ಟೆಂದು ಬೇಟೆಗಾರನೇ ಹೇಳಬೇಕು. 2018ರಲ್ಲಿ ಗಾರ್ಮಿನ್ ಕಂಪನಿ ಕೈಬಿಲ್ಲಿಗೆ, ಮರುವರ್ಷ ಅಡ್ಡಬಿಲ್ಲಿಗೆ ಹೊರತಂದ ಸಾಧನಗಳು ಆ ಹೊಣೆಯನ್ನೂ ತಾವೇ ವಹಿಸಿಕೊಂಡವು. ಗುಂಡಿ ಒತ್ತಿದೊಡನೆ ಲೇಸರ್ ಕಿರಣ ಪ್ರಾಣಿಯ ಮೈಗೆ ತಾಗಿ ಹಿಂದಿರುಗುತ್ತದೆ, ಯಂತ್ರ ದೂರವನ್ನು ಅಳೆಯುತ್ತದೆ, ಬಾಣದ ಇಳಿತವನ್ನು ಲೆಕ್ಕ ಹಾಕುತ್ತದೆ, ಎಲ್ಲಿ ಗುರಿಯಿಡಬೇಕೋ ಅಲ್ಲಿ ಒಂದು ಬೆಳಕಿನ ಚುಕ್ಕಿ ತೋರಿಸುತ್ತದೆ. ಚುಕ್ಕಿಯನ್ನು ಪ್ರಾಣಿಯ ಮೇಲಿಟ್ಟು ಬೆರಳು ಮಡಿಸುವುದು ಬೇಟೆಗಾರನ ಪಾಲಿಗೆ ಉಳಿದ ಕೆಲಸ. ಇದನ್ನು ಕನ್ನಡಕ ಎಂದು ಕರೆಯುವುದು ಸತ್ಯವಲ್ಲ. ಕನ್ನಡಕ ಕಳೆದುಹೋದ ದೃಷ್ಟಿಯನ್ನು ಮರಳಿ ಕೊಡುತ್ತದೆ. ಈ ಯಂತ್ರ ಯಾವ ಮನುಷ್ಯನಿಗೂ ಎಂದೂ ಇಲ್ಲದಿದ್ದ ಶಕ್ತಿಯೊಂದನ್ನು ಕೊಡುತ್ತದೆ.

ನರಳದೆ ಸಾಯುತ್ತದೆ ಎಂಬ ವಾದಕ್ಕೆ ಈಗ ಬರಬಹುದು. ಅದು ಸುಳ್ಳು ವಾದವಲ್ಲ, ಅರ್ಧ ವಾದ. ಇಪ್ಪತ್ತು ಮೀಟರಿನಲ್ಲಿ ಬಿಡುವ ಬಾಣಕ್ಕೆ ಒಳ್ಳೆಯ ಗುರಿಗಾಜು ನೆರವಾಗುವುದು ನಿಜ. ಆದರೆ ಗಾಜು ಕೊಂಡವನು ಇಪ್ಪತ್ತು ಮೀಟರಿನಲ್ಲೇ ನಿಲ್ಲುವನೇ? ಅರುವತ್ತು ಮೀಟರಿಗೆ ಗುರಿ ತೋರಿಸುವ ಯಂತ್ರಕ್ಕೆ ದೊಡ್ಡ ಮೊತ್ತ ತೆತ್ತವನು ಅರುವತ್ತು ಮೀಟರಿಗೆ ಬಾಣ ಬಿಡುತ್ತಾನೆ. ಅಲ್ಲಿ ಯಂತ್ರದ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಕಾದಿರುತ್ತದೆ. ಅದು ಜಿಂಕೆಯ ಕಿವಿ.

ಹೆದೆ ಬಿಟ್ಟಾಗ ಟಪ್ಪೆಂದು ಸದ್ದಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಬಾಣ 120 ಮೀಟರ್. 20 ಮೀಟರ್ ದೂರದಲ್ಲಿ ಸದ್ದು ತಲುಪಿ ಸೆಕೆಂಡಿನ ಹತ್ತನೆಯ ಒಂದು ಭಾಗವಾಗುವಷ್ಟರಲ್ಲಿ ಬಾಣವೂ ಬಂದಿರುತ್ತದೆ. ಬೆಚ್ಚುವುದಕ್ಕೂ ಪ್ರಾಣಿಗೆ ಪುರುಸೊತ್ತಿಲ್ಲ. 60 ಮೀಟರ್ ದೂರದಲ್ಲಾದರೆ ಸದ್ದಿಗೂ ಬಾಣಕ್ಕೂ ನಡುವೆ ಮೂರನೆಯ ಒಂದು ಸೆಕೆಂಡಿನಷ್ಟು ಅಂತರವಿದೆ. ಜಿಂಕೆ ಓಡುವ ಮೊದಲು ಕಾಲು ಮಡಿಸಿ ಮೈ ತಗ್ಗಿಸುತ್ತದೆ, ಆಮೇಲೆ ಚಿಮ್ಮುತ್ತದೆ. ಹೆದೆಯ ಸದ್ದಿಗೆ ಜಿಂಕೆ ನೆಗೆಯುವುದು ಎಂದು ಇದಕ್ಕೆ ಅಮೆರಿಕದ ಬೇಟೆಗಾರರಲ್ಲೇ ಒಂದು ಮಾತು ಬಳಕೆಯಲ್ಲಿದೆ. ಶ್ವಾಸಕೋಶಕ್ಕೆ ಇಟ್ಟ ಬಾಣ ಬೆನ್ನಿಗೋ, ಹೊಟ್ಟೆಗೋ, ತೊಡೆಗೋ ನಾಟುತ್ತದೆ. ಬಾಣ ಕೊಲ್ಲುವುದು ಗುಂಡಿನಂತೆ ಹೊಡೆತದ ಬಲದಿಂದಲ್ಲ, ಅಲಗಿನಿಂದ ಕತ್ತರಿಸಿ ರಕ್ತ ಹರಿಸುವುದರಿಂದ. ಎರಡೂ ಶ್ವಾಸಕೋಶ ಸೀಳಿದರೆ ಪ್ರಾಣಿ ಬಹುಬೇಗ ಉರುಳುತ್ತದೆ. ಕರುಳಿಗೆ ನಾಟಿದರೆ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ, ಪೊದೆಯೊಳಗೆ ಮಲಗಿ ಸಾಯುತ್ತದೆ. ಕೊಂದವನಿಗೆ ಅದು ಸಿಗುವುದೂ ಇಲ್ಲ. ಎಂಥ ಲೇಸರ್ ಸ್ಕೋಪೂ ಬಾಣದ ವೇಗವನ್ನು ಹೆಚ್ಚಿಸದು, ಜಿಂಕೆಯ ಕಿವಿಯನ್ನು ಮುಚ್ಚದು. ಬಿಟ್ಟವನ ಕಣ್ಣಿನ ತಪ್ಪನ್ನು ತಿದ್ದುವ ಯಂತ್ರ ಅವನ ಧೈರ್ಯವನ್ನು ಮಾತ್ರ ಬೆಳೆಸುತ್ತದೆ.

ಶಬ್ದ ಕೇಳಿ ಗುರಿಯಿಡುವ ವಿದ್ಯೆ ದಶರಥನಿಗೆ ಕರಗತವಾಗಿತ್ತು. ಕತ್ತಲಲ್ಲಿ, ನೀರಿನ ದಡದಲ್ಲಿ, ಕೊಡ ತುಂಬುವ ಸದ್ದಿಗೆ ಬಿಟ್ಟ ಬಾಣ ಗುರಿ ತಪ್ಪಲೇ ಇಲ್ಲ, ಸತ್ತವನು ಶ್ರವಣಕುಮಾರ. ಗುರಿಯ ವಿದ್ಯೆ ಬೆಳೆದಂತೆಲ್ಲ ವಿವೇಕ ಬೆಳೆಯುವುದಿಲ್ಲವೆಂಬುದನ್ನು ಈ ನಾಡಿನ ಮಕ್ಕಳು ಅಜ್ಜಿಯ ಬಾಯಿಂದಲೇ ಕೇಳಿದ್ದಾರೆ.

ಯುರೋಪಿನ ಕಾನೂನು ಈ ವಿಷಯವನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದೆ. 1979ರ ಬರ್ನ್ ಒಪ್ಪಂದ, ಪ್ರತಿಬಿಂಬವನ್ನು ವಿದ್ಯುನ್ಮಾನ ವಿಧಾನದಿಂದ ಹಿಗ್ಗಿಸುವ ಅಥವಾ ಪರಿವರ್ತಿಸುವ ರಾತ್ರಿಬೇಟೆಯ ಗುರಿಸಾಧನಗಳನ್ನು ನಿಷಿದ್ಧ ಸಾಧನಗಳ ಪಟ್ಟಿಗೆ ಸೇರಿಸಿತು. ಬ್ರಿಟನ್ 1981ರ ವನ್ಯಜೀವಿ ಕಾಯ್ದೆಯಲ್ಲಿ ಯಾವುದೇ ಕಾಡುಪ್ರಾಣಿಯನ್ನು ಬಿಲ್ಲಿನಿಂದಾಗಲಿ ಅಡ್ಡಬಿಲ್ಲಿನಿಂದಾಗಲಿ ಕೊಲ್ಲುವುದನ್ನು ಅಪರಾಧವೆಂದಿತು. ಪಟ್ಟಿಯಲ್ಲಿ ಹೆಸರಿಸಿದ ಪ್ರಾಣಿಗಳ ವಿಷಯದಲ್ಲಿ ಕೃತಕ ಬೆಳಕು, ಕಣ್ಣು ಕೋರೈಸುವ ಕನ್ನಡಿ, ರಾತ್ರಿ ಗುರಿಯಿಡುವ ಸಾಧನ ಇವನ್ನೂ ನಿಷೇಧಿಸಿತು. ಯುರೋಪಿನ ಒಕ್ಕೂಟ 1992ರಲ್ಲಿ ಹೊರಡಿಸಿದ ಆವಾಸ ನಿರ್ದೇಶನದ ಅನುಬಂಧದಲ್ಲಿ ಅಡ್ಡಬಿಲ್ಲು, ಗುರಿಗೆ ಬೆಳಕು ಹಾಯಿಸುವ ಸಾಧನ, ರಾತ್ರಿಯ ವಿದ್ಯುನ್ಮಾನ ಗುರಿಸಾಧನ ಮೂರೂ ವಿಷ ಮತ್ತು ಸ್ಫೋಟಕಗಳ ಸಾಲಿನಲ್ಲೇ ನಿಂತಿವೆ. ಗಮನಿಸಬೇಕಾದ ಮಾತು ಮುಂದಿದೆ. ಸಂರಕ್ಷಿತ ಪ್ರಾಣಿಯೊಂದನ್ನು ಕೊಲ್ಲಲು ವಿಶೇಷ ಕಾರಣಕ್ಕೆ ವಿನಾಯಿತಿ ಕೊಟ್ಟ ಸಂದರ್ಭದಲ್ಲೂ ಈ ಸಾಧನಗಳ ನಿಷೇಧ ಜಾರಿಯಲ್ಲಿರಬೇಕೆಂದು ಆ ನಿರ್ದೇಶನ ವಿಧಿಸುತ್ತದೆ. ಅನುಮತಿ ಬೇರೆ, ಸಾಧನ ಬೇರೆ. ಯುರೋಪಿನ ಕಾಡುಹಂದಿ ಈ ರಕ್ಷಣೆಯ ಪಟ್ಟಿಯಲ್ಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅನುಮತಿಯ ಬೆನ್ನಿಗೆ ಸಾಧನದ ಷರತ್ತೂ ಹೋಗಬೇಕೆಂಬ ತತ್ತ್ವ ಮಾತ್ರ ಅಲ್ಲಿ ಸ್ಪಷ್ಟವಾಗಿದೆ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಬೇಟೆಯ ಕಾನೂನು. ಆರೆಗಾನ್ ರಾಜ್ಯ ಅಡ್ಡಬಿಲ್ಲಿನ ಬೇಟೆಗೇ ಅವಕಾಶ ಕೊಟ್ಟಿಲ್ಲ. ಪೂರ್ವದ ಎಷ್ಟೋ ರಾಜ್ಯಗಳಲ್ಲಿ ಸ್ಕೋಪು ಸಹಿತ ಮುಕ್ತ. ಪಶ್ಚಿಮದ ಕೆಲವು ರಾಜ್ಯಗಳು ಬಿಲ್ಲಿಗೆ ವಿದ್ಯುನ್ಮಾನ ಸಾಧನ ಜೋಡಿಸುವುದನ್ನು ತಡೆದಿವೆ. ಅಂಗವಿಕಲ ಬೇಟೆಗಾರರಿಗೆ ಹಲವೆಡೆ ವಿನಾಯಿತಿ ಇದೆ. ಅದರ ಬಗ್ಗೆ ಯಾರ ತಕರಾರೂ ಇರಬೇಕಾಗಿಲ್ಲ. ಪರಿಸರವಾದಿಗಳ ಒತ್ತಡದಿಂದಲೇ ಈ ಕಟ್ಟಳೆಗಳೆಲ್ಲ ಹುಟ್ಟಿದವೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮೊದಲಾದ ಬೇಟೆಗಾರರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು, ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಪ್ರಾಣಿಗೆ ಇರಬೇಕೆಂಬ ನಿಯಮವನ್ನು ಎತ್ತಿಹಿಡಿಯುತ್ತ ಬಂದಿದೆ. 1961ರಲ್ಲಿ ಹುಟ್ಟಿದ ಪೋಪ್ ಅಂಡ್ ಯಂಗ್ ಎಂಬ ಬಿಲ್ಲುಬೇಟೆಗಾರರ ಸಂಘ, ಅಡ್ಡಬಿಲ್ಲಿನಿಂದ ಹೊಡೆದ ಪ್ರಾಣಿಯನ್ನಾಗಲಿ, ದೂರ ಅಳೆದು ಗುರಿ ತೋರಿಸುವ ಯಂತ್ರವನ್ನು ಬಿಲ್ಲಿಗೆ ಕಟ್ಟಿ ಹೊಡೆದ ಪ್ರಾಣಿಯನ್ನಾಗಲಿ ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ಕೊಂಬಿನ ಅಳತೆ ಬರೆದಿಟ್ಟು ಹೆಮ್ಮೆಪಡುವ ಈ ಕ್ಲಬ್ಬುಗಳ ಚಪಲ ಮೆಚ್ಚುವಂಥದ್ದಲ್ಲ. ಆದರೆ ಕೊಲ್ಲುವ ಚಪಲದವರಿಗೂ ಎಲ್ಲೋ ಒಂದು ಗೆರೆ ಬೇಕೆನಿಸಿತು ಎಂಬುದು ಸಾಕ್ಷಿಯಾಗಿ ಉಳಿಯುತ್ತದೆ.

ಎಳೆದ ಗೆರೆಯನ್ನು ಅಳಿಸಿ ಮತ್ತೆ ಎಳೆಯಬೇಕಾಗಿ ಬಂದದ್ದೂ ಉಂಟು. ಯೂಟಾ ರಾಜ್ಯದಲ್ಲಿ ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ಕೋವಿಗಳಿಗೆಂದೇ ಪ್ರತ್ಯೇಕ ಬೇಟೆಯ ಋತುವಿದೆ. ಅಂಥ ಕೋವಿ ದೂರಕ್ಕೆ ಹೊಡೆಯಲಾರದು ಎಂಬುದೇ ಆ ಋತುವಿಗೆ ಆಧಾರವಾಗಿತ್ತು. ಮಲೆನಾಡಿನ ಕೇಪಿನ ಕೋವಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 2016ರಲ್ಲಿ ಅಲ್ಲಿಯ ಆಡಳಿತ ಆ ಕೋವಿಗಳಿಗೆ ಹಿಗ್ಗಿಸಿ ತೋರಿಸುವ ಸ್ಕೋಪನ್ನು ಬಿಟ್ಟುಕೊಟ್ಟಿತು. ಹೆಸರಿಗೆ ಹಳೆಯ ಕೋವಿ, ಹೊಡೆತ ಹೊಸ ರೈಫಲಿನದು ಎಂಬಂತಾಯಿತು. 2024ರಲ್ಲಿ ಅದೇ ರಾಜ್ಯದ ವನ್ಯಜೀವಿ ಮಂಡಳಿ ಸ್ಕೋಪನ್ನು ಹಿಂದಕ್ಕೆ ಪಡೆಯಿತು. ಅದಕ್ಕೆ ಎರಡು ವರ್ಷ ಮೊದಲು, 2022ರಲ್ಲಿ, ಅರಿಜೋನಾ ಬೇಟೆಗೆಂದು ಕಾಡಿನಲ್ಲಿ ಸ್ವಯಂಚಾಲಿತ ಕ್ಯಾಮೆರಾ ಇಡುವುದನ್ನು ನಿಷೇಧಿಸಿತ್ತು. ಗಾಜು ಕೊಲ್ಲುವುದಿಲ್ಲ ಎಂಬ ವಾದ ನಿಜವಾಗಿದ್ದರೆ, ಬೇಟೆಯನ್ನು ಇಷ್ಟು ಪ್ರೀತಿಸುವ ರಾಜ್ಯಗಳೇ ಗಾಜಿನ ಮೇಲೆ ಕೈಹಾಕುವ ಅಗತ್ಯ ಏನಿತ್ತು?

ಭಾರತದ ಕಥೆ ಇದಕ್ಕಿಂತ ಬೇರೆ, ಒಂದರ್ಥದಲ್ಲಿ ಇದಕ್ಕಿಂತ ಮೇಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಟ್ಟಿದಾಗ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. ಆದರೆ ಅದರ 17ನೆಯ ಕಲಂ ಒಂದು ಉದ್ದದ ಬೇಲಿ ಹಾಕಿತ್ತು. ವಾಹನದ ಮೇಲಿಂದ ಬೇಟೆಯಾಡಕೂಡದು. ವಿಷ, ಸ್ಫೋಟಕ, ಉರುಳು, ಖೆಡ್ಡ ಕೂಡದು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಕೂಡದು. ಕೃತಕ ಬೆಳಕು ಕೂಡದು. ನೀರಿನ ಗುಂಡಿಯ ಬಳಿ, ಉಪ್ಪುನೆಲದ ಬಳಿ ಕೂಡದು. ಕೆಲವು ಅಪವಾದಗಳಿದ್ದರೂ ಒಟ್ಟು ಆಶಯ ಸ್ಪಷ್ಟವಾಗಿತ್ತು: ಪ್ರಾಣಿಗೆ ಕತ್ತಲೆ ಇರಲಿ, ನೀರು ಇರಲಿ, ಓಡಲು ದಾರಿ ಇರಲಿ. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೇ ಕೊನೆಗೊಳಿಸಿತು. ಬೇಟೆಯೇ ಇಲ್ಲವಾದ ಮೇಲೆ ಅದರ ವಿಧಾನದ ನಿಯಮವೇಕೆಂದು 17ನೆಯ ಕಲಮನ್ನೂ ತೆಗೆದುಹಾಕಿತು. ಆ ದಿನಕ್ಕೆ ಅದು ಸರಿಯಾದ ತರ್ಕ. ಮನೆಯನ್ನೇ ಕೀಲಿ ಹಾಕಿ ಮುಚ್ಚಿದ ಮೇಲೆ ಒಳಕೋಣೆಗಳಿಗೆ ಅಗುಳಿ ಬೇಡವಾಯಿತು.

ಇಂದಿಗೂ ಅನುಮತಿಯಿಲ್ಲದ ಬೇಟೆಯ ಮಟ್ಟಿಗೆ ಕಾನೂನಿನಲ್ಲಿ ಸಂದಿಯಿಲ್ಲ. ಆಯುಧವೆಂದರೆ ಬಿಲ್ಲುಬಾಣ, ಕೋವಿ, ಬಲೆ, ಉರುಳು ಮಾತ್ರವಲ್ಲದೆ ಪ್ರಾಣಿಯನ್ನು ಗಾಯಗೊಳಿಸಬಲ್ಲ, ಕೊಲ್ಲಬಲ್ಲ ಯಾವುದೇ ಉಪಕರಣ ಎಂದು ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ಪೇಟೆಯ ಹುಡುಗನೊಬ್ಬ ಸ್ಕೋಪು ಸಹಿತ ಅಡ್ಡಬಿಲ್ಲು ತಂದು ಕಾಡುಕೋಳಿಗೆ ಬಾಣ ಬಿಟ್ಟರೂ, ಬಿಡಲು ಯತ್ನಿಸಿದರೂ ಅದು ಬೇಟೆಯೇ. ಕೃತ್ಯಕ್ಕೆ ಬಳಸಿದ ಆಯುಧವೂ ಉಪಕರಣವೂ ಸರ್ಕಾರದ ಸ್ವತ್ತಾಗುತ್ತವೆ. ಇದು ಆಟದ ಸಾಮಾನು, ಕೋವಿಯಲ್ಲವಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲವೆಂಬುದನ್ನು ಕಾಲೇಜು ವಿದ್ಯಾರ್ಥಿಗಳು ತಮ್ಮ ಗೆಳೆಯರಿಗೆ ತಿಳಿಸಬೇಕು.

ತೊಡಕಿರುವುದು ಅನುಮತಿ ಸಿಕ್ಕ ಬೇಟೆಯಲ್ಲಿ. ಮನೆಯ ಕೀಲಿ ಈಗ ಮತ್ತೆ ತೆರೆಯುತ್ತಿದೆ, ಒಳಗಿನ ಅಗುಳಿಗಳು ಮಾತ್ರ 1991ರಲ್ಲೇ ಹೋಗಿವೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಪ್ರಾಣಕ್ಕೆ ಅಥವಾ ಆಸ್ತಿಗೆ, ನಿಂತ ಬೆಳೆಗೂ ಸಹ, ಅಪಾಯಕಾರಿಯಾದ ಅಂಥ ಪ್ರಾಣಿಯನ್ನು ಬೇಟೆಯಾಡಲು ಮುಖ್ಯ ವನ್ಯಜೀವಿ ಪಾಲಕರಾಗಲಿ ಅಧಿಕೃತ ಅಧಿಕಾರಿಯಾಗಲಿ ಕಾರಣ ಬರೆದು ಅನುಮತಿ ಕೊಡಬಹುದೆಂದು 11ನೆಯ ಕಲಂ ಹೇಳುತ್ತದೆ. ಯಾವ ಸಾಧನದಿಂದ ಎಂಬ ಮಾತು ಆ ಕಲಮಿನಲ್ಲಿ ಇಲ್ಲ. ಅದು ಆದೇಶ ಬರೆಯುವವರ ವಿವೇಚನೆಗೆ ಬಿಟ್ಟದ್ದು. ಕೇರಳದ ಆದೇಶ ವಿಷ, ಸ್ಫೋಟಕ, ವಿದ್ಯುತ್ ಆಘಾತ ಬೇಡವೆಂದು ಹೇಳಿತು. ಅಷ್ಟರಮಟ್ಟಿಗೆ ಅದು ಸರಿ. 62ನೆಯ ಕಲಮಿನಡಿ ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ಪೀಡಕವೆಂದು ಸಾರಿಬಿಟ್ಟರೆ, ಆ ಪ್ರದೇಶದಲ್ಲಿ ಆ ಅವಧಿಗೆ ಅದು ಅನುಸೂಚಿಯಿಂದಲೇ ಹೊರಗೆ. ಬಿಹಾರದಲ್ಲಿ ನೀಲಗಾಯಿಯನ್ನು ಹಾಗೆ ಸಾರಿದ ಬಳಿಕ, 2016ರಲ್ಲಿ, ಮೊಕಾಮಾದ ಬಯಲಿನಲ್ಲಿ ಹೊರಗಿನಿಂದ ಬಂದ ಗುರಿಕಾರರು ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಕೆಡವಿದರು. ಕೋವಿ ಹಿಡಿದವರಲ್ಲಿ ಆ ಬಯಲಿನ ರೈತರು ಇರಲಿಲ್ಲ.

ಈ ಕಡೆಯ ಮಾತಿನಲ್ಲೇ ಮಲೆನಾಡಿನ ಸಣ್ಣ ಹಿಡುವಳಿದಾರನ ಪ್ರಶ್ನೆ ಅಡಗಿದೆ. ಅವನ ಕಷ್ಟ ಕಲ್ಪಿತವಲ್ಲ. ಭತ್ತದ ತೆನೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಹಂದಿಗಳ ಹಿಂಡು ಗದ್ದೆಗಿಳಿಯುತ್ತದೆ. ತಿಂದದ್ದಕ್ಕಿಂತ ತುಳಿದು ಮಲಗಿಸಿದ್ದೇ ಹೆಚ್ಚು. ಸುವರ್ಣಗಡ್ಡೆ, ಕೆಸು, ಮರಗೆಣಸು, ಬಾಳೆಯ 

ಕಂದು ಯಾವುದೂ ಉಳಿಯುವುದಿಲ್ಲ. ತೋಟದ ಹಸಿ ಮಣ್ಣನ್ನು ಎರೆಹುಳುವಿಗಾಗಿ ಉತ್ತಂತೆ ಬಗೆದುಹೋಗುತ್ತವೆ. ಮಾಳದಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಬೆಳಿಗ್ಗೆ ಕೆಲಸಕ್ಕೆ ಹೋಗುವ ರೈತನಿಗೆ ಪ್ರಾಣಿಯ ಹಕ್ಕಿನ ಪಾಠ ಹೇಳುವುದು ಅನ್ಯಾಯ. ಆದರೆ ಅವನ ಹೆಸರಿನಲ್ಲಿ ಕೇಳಲಾಗುತ್ತಿರುವ ರಾತ್ರಿದೃಷ್ಟಿಯ ಸ್ಕೋಪು, ಶಾಖ ಹಿಡಿಯುವ ಥರ್ಮಲ್ ಸ್ಕೋಪು ಅವನ ಕೈಗೆ ಬರುವುದುಂಟೇ? ಅರ್ಧ ಎಕರೆ ಅಡಿಕೆಯವನು ಕೊಳ್ಳುವ ವಸ್ತುವಲ್ಲ ಅದು. ಕೊಳ್ಳುವವನು ಬೇರೆ, ಅವನಿಗೆ ಗದ್ದೆಯೂ ಇರುವುದಿಲ್ಲ, ಹಾಳಾಗುವ ಬೆಳೆಯೂ ಇರುವುದಿಲ್ಲ.

ಆ ಸಾಧನಗಳಿಂದ ಹಂದಿ ಕಡಿಮೆಯಾಗುತ್ತದೆಯೇ? ಇದಕ್ಕೂ ಅಮೆರಿಕದಲ್ಲೇ ಉತ್ತರವಿದೆ. ಅಲ್ಲಿಯ ಹಂದಿಗಳು ಹೊರಗಿನಿಂದ ತಂದು ಕಾಡುಬಿದ್ದವು, ಇಲ್ಲಿಯವು ಈ ಕಾಡಿನವೇ, ಹುಲಿ ಚಿರತೆಗಳ ಆಹಾರ. ಆ ಭೇದವನ್ನು ನೆನಪಿಡಬೇಕು. ಟೆಕ್ಸಾಸಿನಲ್ಲಿ ಈ ಹಂದಿಗಳನ್ನು ರಾತ್ರಿ, ಥರ್ಮಲ್ ಸ್ಕೋಪಿನಲ್ಲಿ ಹೊಡೆಯಬಹುದು. 2011ರ ಕಾನೂನಿನಿಂದ ಹೆಲಿಕಾಪ್ಟರಿನಿಂದ ಹೊಡೆಯಲೂ ದಾರಿಯಾಯಿತು. ಹಂದಿಬೇಟೆ ಅಲ್ಲಿ ಹಣ ಕೊಟ್ಟು ಆಡುವ ವ್ಯಾಪಾರವಾಯಿತು, ಹಂದಿಗಳು ಇಂದಿಗೂ ಲಕ್ಷಗಟ್ಟಲೆ ಇವೆ. ಮಿಸೌರಿ ರಾಜ್ಯ ಬೇರೆ ದಾರಿ ಹಿಡಿಯಿತು. ಅದರ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ಜಮೀನುಗಳಲ್ಲಿ ಹಂದಿಬೇಟೆಯನ್ನೇ ನಿಲ್ಲಿಸಿ, ಇಡೀ ಹಿಂಡನ್ನು ಒಟ್ಟಿಗೆ ದೊಡ್ಡ ಬೋನಿನಲ್ಲಿ ಹಿಡಿಯುವ ಕ್ರಮವನ್ನು ಮುಂದುವರಿಸಿತು. ಕಾರಣ ಸರಳ. ಹಿಂಡಿನ ಒಂದೆರಡು ಹಂದಿಗಳನ್ನು ಹೊಡೆದರೆ ಉಳಿದವು ಚದುರಿ ಹೊಸ ಜಾಗಕ್ಕೆ ಹೋಗುತ್ತವೆ, ರಾತ್ರಿ ಇನ್ನಷ್ಟು ಹುಷಾರಾಗುತ್ತವೆ. ನಾಲ್ಕು ತಿಂಗಳಿಗಿಂತ ಕಡಿಮೆ ಗರ್ಭಾವಧಿಯ, ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿ ಆ ನಷ್ಟವನ್ನು ಬೇಗ ತುಂಬಿಕೊಳ್ಳುತ್ತದೆ. ಸ್ಕೋಪಿನ ಹಿಂದೆ ಕೂತವನ ಕಣ್ಣು ಬೀಳುವುದು ಕೋರೆಯ ದೊಡ್ಡ ಗಂಡಿನ ಮೇಲೆ. ಸಂತತಿ ಬೆಳೆಯುವುದು ಹೆಣ್ಣಿನಿಂದ.

ಇಷ್ಟಕ್ಕೂ ರಾತ್ರಿಯ ಸ್ಕೋಪು ಹಂದಿಯನ್ನಷ್ಟೇ ನೋಡುವ ಕಣ್ಣಲ್ಲ. ತಲೆಗೆ ಟಾರ್ಚು ಕಟ್ಟಿಕೊಂಡು ತಿರುಗುವ ಷಿಕಾರಿ ಮಲೆನಾಡಿನ ಬರ್ಕ, ಕಾಡುಕುರಿ, ಮೊಲಗಳಿಗೆ ಏನು ಮಾಡಿದೆ ಎಂಬುದು ಹಳ್ಳಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಟಾರ್ಚಿನ ಬೆಳಕಿಗೆ ಕಣ್ಣು ಹೊಳೆಯುತ್ತದೆ, ಪ್ರಾಣಿ ಬೆರಗಾಗಿ ನಿಲ್ಲುತ್ತದೆ. ಆದರೂ ಟಾರ್ಚು ಬೇಟೆಗಾರನನ್ನೂ ತೋರಿಸಿಕೊಡುತ್ತದೆ. ಗುಡ್ಡದಾಚೆಯ ಮನೆಯವನಿಗೆ ಬೆಳಕು ಕಾಣುತ್ತದೆ, ಈಡಿನ ಸದ್ದು ಕೇಳುತ್ತದೆ, ಬೆಳಿಗ್ಗೆ ಯಾರು ಎಲ್ಲಿಗೆ ಹೋಗಿದ್ದರೆಂದು ಊರಿಗೇ ಗೊತ್ತಾಗುತ್ತದೆ. ಥರ್ಮಲ್ ಸ್ಕೋಪಿಗೆ ಬೆಳಕು ಬೇಡ. ಅಡ್ಡಬಿಲ್ಲಿಗೆ ಮದ್ದಿನ ಸದ್ದಿಲ್ಲ. ಇವೆರಡೂ ಒಂದೇ ಕೈಗೆ ಸೇರಿದರೆ ಊರಿನ ಕಣ್ಣೂ ಅರಣ್ಯ ರಕ್ಷಕನ ಕಿವಿಯೂ ಒಟ್ಟಿಗೆ ನಿರುಪಯೋಗಿಯಾಗುತ್ತವೆ. ಅದು ತೋರಿಸುವುದು ಪ್ರಾಣಿಯ ಮೈಶಾಖವನ್ನು. ಲಂಟಾನದ ಮರೆಯಲ್ಲಿ ಅರ್ಧ ಕಾಣುವ ಬಿಸಿ ಮೈ ಹಂದಿಯದೋ, ತಪ್ಪಿಸಿಕೊಂಡ ಕರುವಿನದೋ, ನೀರು ತಿರುಗಿಸಲು ಬಗ್ಗಿದ ಮನುಷ್ಯನದೋ ಎಂದು ಅದು ಬರೆದು ತೋರಿಸುವುದಿಲ್ಲ. ಹಂದಿಯೆಂದು ತಿಳಿದು ಮನುಷ್ಯನಿಗೆ ಗುಂಡು ಹಾರಿಸಿದ ಸುದ್ದಿ ಮಲೆನಾಡಿಗೆ ಹೊಸದೇ?

ಹಾಗಾದರೆ ಆಗಬೇಕಾದ್ದೇನು? ಬೆಳೆ ರಕ್ಷಣೆಗೆ ಗುಂಪಾಗಿ ಹಾಕಿಕೊಳ್ಳುವ ಸೌರಬೇಲಿ, ಹಿಂಡನ್ನೇ ಹಿಡಿಯುವ ಬೋನು, ತೆನೆಗಟ್ಟುವ ವಾರಗಳಲ್ಲಿ ಸರದಿ ಕಾವಲು, ತಡವಿಲ್ಲದ ಪರಿಹಾರ ಇವು ಮೊದಲು. ಇವಾವುದೂ ಸಾಲದೆ ಇಲಾಖೆ ಕೊಲ್ಲುವ ಅನುಮತಿಯನ್ನೇ ಕೊಡುವುದಾದರೆ, 1972ರ ಕಾಯ್ದೆಯಿಂದ ಕಳಚಿಹೋದ ಪಟ್ಟಿ ಆ ಆದೇಶದ ಒಳಗೆ ಮರಳಿ ಬರಬೇಕು. ಬಿಲ್ಲು, ಅಡ್ಡಬಿಲ್ಲು ಇಲ್ಲ. ರಾತ್ರಿದೃಷ್ಟಿಯ ಸ್ಕೋಪು, ಥರ್ಮಲ್ ಸ್ಕೋಪು, ಲೇಸರ್ ಗುರಿ ಇಲ್ಲ. ವಾಹನದ ಮೇಲಿಂದ ಇಲ್ಲ, ನೀರಿನ ಗುಂಡಿಯ ಬಳಿ ಇಲ್ಲ, ಬೆಳೆಯ ಗಡಿಯಾಚೆ ಕಾಡಿನೊಳಗೆ ಇಲ್ಲ. ಹೊಡೆಯುವವನು ಆ ಊರಿನ ಪರವಾನಗಿ ಪಡೆದ ಕೋವಿಯವನಾಗಿರಬೇಕು, ಹೆಸರು ಆದೇಶದಲ್ಲಿ ಇರಬೇಕು. ಹಂದಿ ಬರುವುದೇ ರಾತ್ರಿಯಲ್ಲವೇ ಎಂದು ರೈತರು ಕೇಳುವುದು ಸಹಜ. ಗದ್ದೆಯ ಅಂಚಿನಲ್ಲಿ ಕಾವಲಿಗೆ ಕೂತವನ ಕೈಯ ಟಾರ್ಚಿಗೆ ಆದೇಶದಲ್ಲೇ ಪ್ರತ್ಯೇಕ ಅವಕಾಶ ಕೊಡಬಹುದು. ಹಳೆಯ 17ನೆಯ ಕಲಮಿನಲ್ಲೂ ಬೆಳಕಿಗೆ ವಿಶೇಷ ಅನುಮತಿಯ ದಾರಿಯಿತ್ತು. ಟಾರ್ಚಿನವನು ಊರಿಗೆ ಕಾಣುತ್ತಾನೆ, ಅದು ಸಾಕು.

11ನೆಯ ಕಲಮಿನ ಅನುಮತಿ ಬಾಯಿಮಾತಿನಲ್ಲಿ ಕೊಡುವಂಥದ್ದಲ್ಲ, ಲಿಖಿತವಾಗಿರಬೇಕು. ಆದ್ದರಿಂದ ಈ ಷರತ್ತುಗಳನ್ನು ಬರೆಯಲು ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ. ಹಂದಿಯ ವಿಷಯ ಚರ್ಚೆಗೆ ಬರುವ ಮುಂದಿನ ಗ್ರಾಮಸಭೆಯಲ್ಲಿ ಕೊಲ್ಲುವ ಅನುಮತಿಯನ್ನು ಕೇಳುವವರೂ ವಿರೋಧಿಸುವವರೂ ಒಟ್ಟಾಗಿ ಸಹಿ ಮಾಡಬಹುದಾದ ಠರಾವು ಇದು. ಠರಾವಿನ ಪ್ರತಿ ವಲಯ ಅರಣ್ಯಾಧಿಕಾರಿಗೂ ಮುಖ್ಯ ವನ್ಯಜೀವಿ ಪಾಲಕರಿಗೂ ಹೋಗಬೇಕು. ಒಂದು ಪ್ರತಿ ಪಂಚಾಯಿತಿಯ ಕಡತದಲ್ಲಿ ಇರಬೇಕು, ಮುಂದೆ ಆದೇಶ ಬಂದ ದಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದಕ್ಕೆ.